ಕಂಪಿನಮ್ಮನು ಪಾಕಶಾಲೆಯ ಹಿತ್ತಿಲಲ್ಲಿ ನೆಲೆಸಿದ ಕಥೆ

“ಮೂಸಬೇಡವೋ ಚಂದೀ, ಮೂಗಿಗೆ ಸೋಕಿದರೂ ಎಂಜಲೇ!”

ಬಾಣಸಿಗ ಚಂದಿಮಯ್ಯನಿಗೆ ಈ ಮಾತು ಮೊದಲು ಕೇಳಿಸಿದ ದಿನ ಚೆನ್ನಾಗಿ ನೆನಪಿತ್ತು. ಐದು ವರ್ಷದವನಾಗಿದ್ದ ಆತನನ್ನು ದೇವಿಯ ಪಾಕಶಾಲೆಯ ಹೊಸ್ತಿಲು ದಾಟಿಸುವಾಗ, ತಾಯಿ ಬಾಚವ್ವೆಯು ತನ್ನ ಸೆರಗಿನಂಚನ್ನು ಹರಿದು, ಏಳು ಮಡಿಕೆಯಾಗಿ ಮಡಿಸಿ, ತಣ್ಣೀರಿನಲ್ಲಿ ಅದ್ದಿ, ಎಳೆಯ ಮೂಗಿನ ಮೇಲೆ ಬಿಗಿಯಾಗಿ ಕಟ್ಟುತ್ತಾ ಹಾಗೆಂದಿದ್ದಳು. ದೇವಿಗೆ ಸಲ್ಲಬೇಕಾದ ಅನ್ನದ ಮೊದಲ ಕಂಪು ದೇವಿಗೇ ಮೀಸಲು. ಅದನ್ನು ಅಡುಗೆಯವನ ಮೂಗು ಕದ್ದುಂಡರೆ ಉಳಿಯುವುದು ಉಚ್ಛಿಷ್ಟ ಮಾತ್ರ ಎಂಬುದು ಆ ಮಾತಿನ ತಾತ್ಪರ್ಯ. ನಲವತ್ತು ಸಂವತ್ಸರಗಳ ಪರ್ಯಂತ ಆತನು ಅದನ್ನು ಉಸಿರಾಟದಷ್ಟೇ ಸಹಜವಾಗಿ ಪಾಲಿಸಿದನು. ಆದರೆ ಒಂದು ಶರತ್ಕಾಲದ ಮುಂಜಾನೆ, ತನ್ನ ಮುತ್ತಜ್ಜಿಯ ಕಾಲದಿಂದ ಆರದೆ ಉರಿದುಬಂದಿದ್ದ ಒಲೆಯು ಆರಿಹೋಗಲು ಅರ್ಧ ದಿನವಷ್ಟೇ ಉಳಿದಿದ್ದಾಗ, ಆತನ ಅಂತರಂಗದಲ್ಲಿ ಮೊತ್ತಮೊದಲಿಗೆ ಪ್ರಶ್ನೆಯೊಂದು ತಲೆಯೆತ್ತಿತು: ಅಮ್ಮ ಹೇಳಿದ್ದು ನಿಜವೇ? ಆ ಒಂದು ಪ್ರಶ್ನೆಯಿಂದ ಹುಟ್ಟಿದ್ದೇ ಈ ಕ್ಷೇತ್ರದ ಮಹಿಮೆ.

ಸಹ್ಯಾಚಲವು ಪಶ್ಚಿಮಸಮುದ್ರದ ಕಡೆಗೆ ತಟ್ಟನೆ ಇಳಿಯುವೆಡೆಯಲ್ಲಿ, ಮೇಘಮಾಲೆಗಳು ನಡುಹಗಲಿನಲ್ಲಿಯೂ ಮೊಣಕಾಲೂರಿ ವಿಶ್ರಮಿಸುವಂಥ ಎತ್ತರದಲ್ಲಿ, ಅಂದು ಹೆಸರಿಲ್ಲದಿದ್ದ ಈ ಬೆಟ್ಟದ ನೆತ್ತಿಯ ಮೇಲೆ, ಋಜುವ್ರತನೆಂಬ ಮಹರ್ಷಿಯು ಪರ್ಣಶಾಲೆಗಳನ್ನು ಕಟ್ಟಿಕೊಂಡು, ಸ್ವಯಂಭೂ ಶಿಲೆಯೊಂದರಲ್ಲಿ ಸನ್ನಿಹಿತಳಾಗಿದ್ದ ವನಾಂಬಿಕೆಯನ್ನು ಅರುವತ್ತು ಮಂದಿ ಶಿಷ್ಯರೊಡನೆ ಆರಾಧಿಸುತ್ತಿದ್ದನು. ಹೆಸರಿಗೆ ತಕ್ಕಂತೆ ಆತನ ವ್ರತವೆಲ್ಲವೂ ನೇರವಾದದ್ದು. ಆಡಿದ ಮಾತಿಗೆ ಎರಡನೆಯ ಅರ್ಥವಿಲ್ಲ, ಹಾಕಿದ ಗೆರೆಗೆ ಸೊಟ್ಟಿಲ್ಲ. ಆಶ್ರಮದ ಧರ್ಮವೂ ಅಷ್ಟೇ ಋಜುವಾಗಿತ್ತು. ಪ್ರತಿದಿನ ಹೆಸರುಬೇಳೆಯ ಹುಗ್ಗಿಯು ದೇವಿಯ ಮುಂದೆ ಮೀಸಲಾಗಿ ಬರಬೇಕು. ಪಾತ್ರೆಯ ಮುಚ್ಚಳ ತೆಗೆದಾಗ ಮೇಲೇಳುವ ಹಬೆಯು, ಆಸರೆ ಹುಡುಕುವ ಎಳೆಬಳ್ಳಿಯಂತೆ, ದೇವಿಯ ಶಿಲೆಯ ಕಡೆಗೆ ಬಾಗಬೇಕು. ಹಾಗೆ ಬಾಗಿದರೆ ನೈವೇದ್ಯವು ಸ್ವೀಕೃತವಾಯಿತೆಂದು ತಿಳಿದು ಎಲ್ಲರೂ ಪ್ರಸಾದ ಉಣ್ಣಬೇಕು. ಬಾಗದಿದ್ದರೆ ಆ ದಿನ ಯಾರಿಗೂ ಊಟವಿಲ್ಲ, ಬಾಣಸಿಗನು ಮೂಗುಪಟ್ಟಿಯನ್ನು ಬಿಚ್ಚುವಂತೆಯೂ ಇಲ್ಲ. ಮೂರು ದಿನ ಎಡೆಬಿಡದೆ ಬಾಗದಿದ್ದರೆ ದೇವಿಯು ಆ ನೆಲವನ್ನು ತೊರೆದಳೆಂದೇ ಅರ್ಥ. ಒಲೆಗೆ ನೀರೆರೆದು, ಬೂದಿಯನ್ನು ತೊರೆಯಲ್ಲಿ ಬಿಟ್ಟು, ಆಶ್ರಮವು ಬೇರೆಡೆಗೆ ನಡೆಯಬೇಕು.

ಚಂದಿಮಯ್ಯನ ಕಾಲದಲ್ಲಿ ಹಬೆಯು ಬಾಗದ ದಿನವಿರಲಿಲ್ಲ. ಬಾಗುತ್ತಿದ್ದದ್ದು ಕಿಂಚಿತ್ತೇ ನಿಜ. ದೂರದ ನಂಟರ ಮನೆಯಲ್ಲಿ ಬಡಿಸಿದ್ದನ್ನು ಬೇಡವೆನ್ನಲಾರದೆ ಉಣ್ಣುವವರ ಹಾಗೆ, ಬಾಗಿತೋ ಇಲ್ಲವೋ ಎಂಬಷ್ಟು. ಅಷ್ಟರಿಂದಲೇ ಆತನು ತೃಪ್ತನಾಗಿದ್ದನು. ಪೂಜಾವಿಧಿಗಳೆಲ್ಲ ಮುಗಿದು ಪಟ್ಟಿ ಬಿಚ್ಚುವಷ್ಟರಲ್ಲಿ ಹುಗ್ಗಿ ಆರಿರುತ್ತಿತ್ತು. ನಲವತ್ತು ವರ್ಷ ಅಟ್ಟವನಿಗೆ ಆರಿದ ಅನ್ನದ ಕಂಪಷ್ಟೇ ಗೊತ್ತು. ತನ್ನ ಕೈಯಡುಗೆಯ ಬಿಸಿಯುಸಿರು ಹೇಗಿರುತ್ತದೆಂಬುದನ್ನು ಆತನೂ ಕಾಣನು, ಆತನ ತಾಯಿಯೂ ಕಾಣದೆಯೇ ಕಣ್ಮುಚ್ಚಿದ್ದಳು.

ಅಂಥ ದಿನಗಳಲ್ಲಿ ಒಂದು ಮಳೆಗಾಲದ ಕೊನೆಗೆ ಗುಡ್ಡ ಕುಸಿದು ಘಟ್ಟದ ದಾರಿ ಮುಚ್ಚಿಹೋಯಿತು. ತಗ್ಗಿನ ತೋಟಗಳಿಂದ ಎತ್ತಿನ ಮೇಲೆ ಬರುತ್ತಿದ್ದ ಒಣಮೆಣಸು ನಿಂತಿತು. ಇಂದಿನ ಮೆಣಸಿನಕಾಯಿಯನ್ನು ಈ ನಾಡು ಇನ್ನೂ ಕಂಡಿರದ ಆ ಕಾಲದಲ್ಲಿ ಅಡುಗೆಗೆ ಕಾರವೆಂದರೆ ಮೆಣಸೊಂದೇ. ಕಾರವಿಲ್ಲದ ಹುಗ್ಗಿಯನ್ನು ದೇವಿಯ ಮುಂದಿಡುವುದು ಹೇಗೆ? ಆಗ ಶಿಷ್ಯಜ್ಯೇಷ್ಠನಾದ ಕೂಚಿಭಟ್ಟನು ಬೆಟ್ಟದ ಹಿಂಬದಿಯ ಕಾಡಿನವರ ಹಾಡಿಗೆ ಹೇಳಿಕಳುಹಿಸಿದನು. ಆ ಹಾಡಿಯಲ್ಲಿ ದುಗ್ಗವ್ವೆಯೆಂಬ ಹೆಂಗಸಿದ್ದಳು. ಮರವೇರಿ ಕಾಡುಮೆಣಸನ್ನು ಕೊಯ್ಯುವುದರಲ್ಲಿ ಅವಳಿಗೆ ಸಮಾನರಿರಲಿಲ್ಲ. ಆ ಕಾಡುಮೆಣಸಾದರೋ ತೋಟದ ಮೆಣಸಿನಂತೆ ಕೈಗೆಟುಕುವಂಥದಲ್ಲ; ಹೆಮ್ಮರಗಳ ಕತ್ತಿನವರೆಗೆ ಹಬ್ಬಿ, ಬಿಸಿಲನ್ನು ಕಂಡ ಮೇಲೆಯೇ ಗೊನೆ ಬಿಡುವ ಅಭಿಮಾನಿ. ಕಾಳು ಸಾಸಿವೆಗಿಂತ ತುಸು ದೊಡ್ಡದು, ಕಾರವು ಕೆಂಡಕ್ಕಿಂತ ತುಸು ಕಡಿಮೆ. ಮೂರು ಗೊನೆಗೆ ಒಂದನ್ನು ಕೊಯ್ದು ಎರಡನ್ನು ಹಕ್ಕಿಗಳಿಗೆ ಬಿಡುವುದು ಅವಳ ಹಾಡಿಯ ಕಟ್ಟಳೆ. ಹಕ್ಕಿ ತಿಂದು ಉದುರಿಸಿದಲ್ಲಿ ಮುಂದಿನ ಬಳ್ಳಿ ಏಳುತ್ತದೆಂಬುದನ್ನು ಅವರು ಬಲ್ಲರು. ಆದ್ದರಿಂದ ಕೇಳಿದಷ್ಟು ಕಾಡುಮೆಣಸನ್ನು ಕೊಡಲು ಅವಳಿಗಾಗಲಿಲ್ಲ. ಒಂದು ಹಿಡಿ ಕಾಡುಮೆಣಸನ್ನೂ, ಅದರ ಕೊರತೆಯನ್ನು ತುಂಬಲೆಂದು ಒಂದು ಬುಟ್ಟಿ ಜುಮ್ಮಿನಕಾಯಿಯನ್ನೂ ತಂದು ಆಶ್ರಮದ ಗಡಿಗಲ್ಲಿನ ಮೇಲಿಟ್ಟು, ಗಡಿ ದಾಟಲು ತನಗೆ ಅಪ್ಪಣೆಯಿಲ್ಲದ ಕಾರಣ ಹಾಗೆಯೇ ಹಿಂದಿರುಗಿದಳು.

ಜುಮ್ಮಿನಕಾಯಿಯನ್ನು ಅರಿಯದ ಭಕ್ತರಿಗಾಗಿ ಇಲ್ಲಿ ಎರಡು ಮಾತು. ಮೈತುಂಬ ಮುಳ್ಳಿನ ಗುಬುಟುಗಳನ್ನು ಹೊತ್ತು, ತನ್ನನ್ನು ಅಪ್ಪಬಂದವರನ್ನು ಮೊದಲು ಪರೀಕ್ಷಿಸುವ ಮರವದು. ಶರತ್ಕಾಲದಲ್ಲಿ ಅದರ ಪುಟ್ಟ ಕಾಯಿಗಳು ಒಣಗಿ ಬಾಯ್ದೆರೆದಾಗ ಕಂದುಬಣ್ಣದ ಸಿಪ್ಪೆಯೊಳಗೆ ಕರಿಯ ಮಣಿಯಂಥ ಬೀಜ ಹೊಳೆಯುತ್ತದೆ. ನೋಡಿದವರು ಬೀಜವನ್ನೇ ಮೆಣಸಿನ ಕಾಳೆಂದುಕೊಳ್ಳುವರು. ಆದರೆ ಆ ಬೀಜವು ಮರಳಿನಂತೆ ನಿಸ್ಸಾರ. ಹೇರಳೆಹಣ್ಣಿನ ಹಸಿಸಿಪ್ಪೆಯನ್ನು ಹಿಚುಕಿದಾಗ ಚಿಮ್ಮುವಂಥ ಪರಿಮಳವೂ, ನಾಲಗೆಯ ಮೇಲೆ ಜೇನ್ನೊಣಗಳು ಕಾಲೂರಿದಂಥ ಜುಮ್ಮೆನ್ನುವ ಕಾರವೂ ಅಡಗಿರುವುದು ಹೊರಗಿನ ಸಿಪ್ಪೆಯಲ್ಲಿ. ಮೆಣಸಿನಲ್ಲಿ ಕಾಳನ್ನು ಉಳಿಸಿಕೊಂಡು ಹೊಟ್ಟನ್ನು ತೂರಬೇಕು. ಜುಮ್ಮಿನಕಾಯಿಯಲ್ಲಿ ಕಾಳನ್ನು ತೂರಿ ಸಿಪ್ಪೆಯನ್ನು ಉಳಿಸಿಕೊಳ್ಳಬೇಕು. ಮೂಗುಳ್ಳ ಯಾರಿಗಾದರೂ ಇದು ಒಂದು ಉಸಿರಿನಲ್ಲಿ ತಿಳಿಯುವ ಸಂಗತಿ.

ಚಂದಿಮಯ್ಯನ ಮೂಗಿನ ಮೇಲೆ ಏಳು ಮಡಿಕೆಯ ಒದ್ದೆಬಟ್ಟೆಯಿತ್ತು.

ಆತನು ಕಣ್ಣಿಗೆ ಕಂಡದ್ದನ್ನು ನಂಬಿದನು. ಮೊರದಲ್ಲಿ ಹರವಿಕೊಂಡು, ನಲವತ್ತು ವರ್ಷಗಳ ಕೈಚಳಕದಿಂದ ಕೇರಿ, ಕರಿಯ ಬೀಜಗಳನ್ನೆಲ್ಲ ಒಟ್ಟುಮಾಡಿ, ಸಿಪ್ಪೆಗಳನ್ನು ಹೊಟ್ಟೆಂದೆಣಿಸಿ ಪಾಕಶಾಲೆಯ ಹಿತ್ತಿಲಿನ ಹಾಸುಬಂಡೆಯ ಮೇಲಿನ ಕಸದ ರಾಶಿಗೆ ಸುರಿದನು. ಬೀಜಗಳನ್ನು ಒರಳಿನಲ್ಲಿ ಕುಟ್ಟಿ ಹುಗ್ಗಿಗೆ ಬೆರೆಸಿದನು. ಹಿಡಿ ಕಾಡುಮೆಣಸನ್ನು ಮುಂದಿನ ಹಬ್ಬಕ್ಕಿರಲೆಂದು ಮಡಕೆಯಲ್ಲಿ ಮುಚ್ಚಿಟ್ಟನು. ಮುಚ್ಚಳ ತೆಗೆದಾಗ ಹಬೆಯು ನೆಟ್ಟಗೆ ಮೇಲೇರಿ ಸೂರಿಗೆ ತಾಗಿ ಚದುರಿತು. ಅರುವತ್ತು ಮಂದಿ ಎಲೆ ಮಡಿಸಿಟ್ಟು ಎದ್ದರು.

ಎರಡನೆಯ ದಿನ ಆತನು ತನ್ನ ಶುದ್ಧಿಯಲ್ಲೇ ಲೋಪವಿರಬೇಕೆಂದು ಬಗೆದು, ಮೂರು ಬಾರಿ ಮಿಂದು, ಪಟ್ಟಿಗೆ ಮತ್ತೆರಡು ಮಡಿಕೆ ಸೇರಿಸಿ, ಉಸಿರಾಟವೇ ಕಷ್ಟವಾಗುವಂತೆ ಬಿಗಿದುಕೊಂಡು, ಅದೇ ಬೀಜಗಳನ್ನು ಇಮ್ಮಡಿಯಾಗಿ ಕುಟ್ಟಿ ಹಾಕಿದನು. ಅಂದು ಹಬೆಯು ಬಾಗಿತು. ಬಾಗಿದ್ದು ಮಾತ್ರ ಹಿಂದಕ್ಕೆ. ದೇವಿಗೆ ಬೆನ್ನು ತಿರುಗಿಸಿ, ಬಾಣಸಿಗನ ಹಣೆಯನ್ನು ಸವರಿಕೊಂಡು, ಪಾಕಶಾಲೆಯ ಕಡೆಗೆ ಹರಿದುಹೋಯಿತು.

“ನೋಡಿದಿರಾ! ದೇವಿಯು ಬಾಣಸಿಗನ ಮುಖಕ್ಕೇ ಉಗುಳಿದಳು” ಎಂದು ಕೂಚಿಭಟ್ಟನು ಹಸಿದ ಹೊಟ್ಟೆಯ ಸಿಟ್ಟಿನಿಂದ ನುಡಿದನು.

ಋಜುವ್ರತ ಮುನಿಯು ಯಾರನ್ನೂ ನಿಂದಿಸಲಿಲ್ಲ. “ಚಂದಿಮಯ್ಯಾ, ನಾಳೆ ಮೂರನೆಯ ದಿನ. ಸೂರ್ಯ ನೆತ್ತಿಗೆ ಬರುವವರೆಗೆ ನೋಡೋಣ. ಆಮೇಲೆ ಒಲೆಗೆ ನೀರೆರೆಯುವ ಕೆಲಸವನ್ನು ನೀನೇ ಮಾಡಬೇಕು, ಬೇರೆಯವರ ಕೈಯಿಂದ ಅದು ಆಗಬಾರದು” ಎಂದಷ್ಟೇ ಹೇಳಿದನು. ಆ ಮಾತಿನಲ್ಲಿದ್ದದ್ದು ಕರುಣೆಯೇ. ಆದರೂ ಚಂದಿಮಯ್ಯನಿಗೆ ಅದು ಬೈಗುಳಕ್ಕಿಂತ ಭಾರವಾಯಿತು. ಮುತ್ತಜ್ಜಿಯು ಮಡಕೆಯಲ್ಲಿ ಕೆಂಡ ಹೊತ್ತು ಬೆಟ್ಟವೇರಿ ಹೊತ್ತಿಸಿದ ಒಲೆ, ಅಜ್ಜಿಯು ಬಸುರಿಯಾಗಿಯೂ ಬಿಡದೆ ಊದಿದ ಒಲೆ, ತಾಯಿಯು ಸಾಯುವ ಹಿಂದಿನ ದಿನವೂ “ಸೌದೆ ಒಣಗಿದೆಯೇನೋ?” ಎಂದು ವಿಚಾರಿಸಿದ ಒಲೆ. ಅದಕ್ಕೆ ತಾನು ನೀರೆರೆಯಬೇಕು.

ಮೂರನೆಯ ಮುಂಜಾನೆ ಆತನು ಹಿತ್ತಿಲಿನಲ್ಲಿ ಸೌದೆಯ ಹೊರೆಯ ಮೇಲೆ ಕೈಚೆಲ್ಲಿ ಕುಳಿತಿದ್ದಾಗ, ಗಡಿಗಲ್ಲಿನ ಆಚೆಯಿಂದ ನಗುವೊಂದು ಕೇಳಿಸಿತು. ದುಗ್ಗವ್ವೆಯು ಬುಟ್ಟಿ ಸಮೇತ ನಿಂತು, ಕಸದ ರಾಶಿಯತ್ತ ಕೈತೋರಿಸಿ ನಗುತ್ತಿದ್ದಳು.

“ಅಯ್ಯೋ ನನ್ನಪ್ಪಾ! ಅಡುಗೆಯಯ್ಯನವರೇ, ಇದೇನಿದು ನಿಮ್ಮ ಚೆಂದ? ಎರಡು ದಿನ ಮುಳ್ಳಿನ ಮರ ಏರಿ, ಮೈಯೆಲ್ಲ ಗೀರಿಸಿಕೊಂಡು ತಂದದ್ದನ್ನ ತಿಪ್ಪೆಗೆ ಉಣಬಡಿಸಿದ್ದೀರಲ್ಲ!”

“ಹೊಟ್ಟನ್ನು ಎಸೆದೆ, ದುಗ್ಗವ್ವಾ. ಕಾಳನ್ನು ಇಟ್ಟುಕೊಂಡಿದ್ದೇನೆ.”

“ಕಾಳನ್ನಾ?” ಅವಳು ಗಲ್ಲಕ್ಕೆ ಕೈಹಚ್ಚಿದಳು. “ಅದನ್ನ ನಮ್ಮ ಕೋಳಿಯೂ ಮುಟ್ಟೋದಿಲ್ಲ! ಕಂಪಿರೋದು ಸಿಪ್ಪೇಲಿ. ಅಲ್ಲಾ, ಇಷ್ಟು ದೂರ ನಿಂತ ನನ್ನ ಮೂಗಿಗೆ ಘಮ್ಮಂತ ಹೊಡೀತಾ ಇದೆ, ಪಕ್ಕದಲ್ಲೇ ಕೂತ ನಿಮಗೆ ತಿಳೀಲಿಲ್ವಾ?” ಅಷ್ಟರಲ್ಲಿ ಅವಳ ಕಣ್ಣು ಆತನ ಪಟ್ಟಿಯ ಮೇಲೆ ಬಿದ್ದಿತು. “ಶೀತವಾ?”

“ಅಲ್ಲ. ನಮ್ಮ ಕಟ್ಟಳೆ. ದೇವಿಯ ಅಡುಗೆಯನ್ನು ನಾವು ಮೂಸುವಂತಿಲ್ಲ. ಮೂಗಿಗೆ ಸೋಕಿದರೂ ಎಂಜಲು.”

ದುಗ್ಗವ್ವೆಯು ನಗುವುದನ್ನು ನಿಲ್ಲಿಸಿದಳು. ಕಟ್ಟಳೆಯುಳ್ಳವರು ಇನ್ನೊಬ್ಬರ ಕಟ್ಟಳೆಯನ್ನು ಹಗುರಾಗಿ ಕಾಣರು. ಬುಟ್ಟಿಯನ್ನು ಗಡಿಗಲ್ಲಿನ ಮೇಲಿಟ್ಟು, ಕುಕ್ಕರುಗಾಲಿನಲ್ಲಿ ಕುಳಿತು, ಮೆಲ್ಲಗೆ ಕೇಳಿದಳು:

“ಹಂಗಾದ್ರೆ ಇದನ್ನ ಹೆಂಗೆ ಅಡ್ತೀರಿ, ಅಯ್ಯಾ? ಸಿಪ್ಪೇನ ಮೊದಲೇ ಹಾಕಿ ಕುದಿಸಿದ್ರೆ ಕಂಪೆಲ್ಲ ಹಬೆ ಜತೆ ಹೊರಟುಹೋಗ್ತದೆ. ತಡವಾಗಿ ಹಾಕಿದ್ರೆ ಹಸಿ ಒಗರು ಉಳೀತದೆ. ಬೆಂಕಿ ಎಳೆದು, ಜಜ್ಜಿದ ಸಿಪ್ಪೆ ಹಾಕಿ, ಮುಚ್ಚಳ ಓರೆ ಮಾಡಿ, ಮೂಗು ಹತ್ರ ಇಟ್ಕೊಂಡು ಕಾಯಬೇಕು. ಒಗರು ಹೋಗಿ ಹೇರಳೆ ಘಮ ಏಳೋದು ಒಂದೇ ಒಂದು ಗಳಿಗೆ. ಆಗ ಮುಚ್ಚಿಬಿಡಬೇಕು. ಆ ಗಳಿಗೆಯನ್ನ ಮೂಗಲ್ಲದೆ ಇನ್ಯಾರು ಹೇಳ್ತಾರೆ? ಕಣ್ಣಿಗೆ ಕಾಣೋದಿಲ್ಲ, ಕಿವಿಗೆ ಕೇಳೋದಿಲ್ಲ.”

“ಅಮ್ಮ ಹಾಗೆ ಹೇಳಿಕೊಟ್ಟಳು” ಎಂದನು ಚಂದಿಮಯ್ಯ.

“ನಿಮ್ಮವ್ವನಿಗೆ ಹೇಳಿದ್ದು ಅವರವ್ವ ಇರಬೇಕು. ಅವರ್ಯಾರೂ ಜುಮ್ಮಿನಕಾಯಿ ಅಟ್ಟವರಲ್ಲವಲ್ಲ, ಅಯ್ಯಾ!” ಎಂದು ಅವಳು ಎದ್ದು ನಿಂತಳು. “ನಿಮ್ಮ ದೇವಿ, ನಿಮ್ಮ ಮೂಗು. ನಾನೇನು ಹೇಳಲಿ?”

ಆಗಲೇ, ಅಮ್ಮ ಹೇಳಿದ್ದು ನಿಜವೇ ಎಂಬ ಆ ಪ್ರಶ್ನೆಯು ಆತನೊಳಗೆ ತಲೆಯೆತ್ತಿದ್ದು. ಪಟ್ಟಿ ಬಿಚ್ಚಿದರೆ ತಾಯಿಯ ಮಾತು ಸುಳ್ಳಾಗುವುದು. ಬಿಚ್ಚಿಯೂ ಹಬೆ ಬಾಗದಿದ್ದರೆ ಒಲೆಯನ್ನು ಆರಿಸಿದವನೆಂಬುದರ ಜೊತೆಗೆ ದೇವಿಯ ಮೀಸಲನ್ನು ಎಂಜಲು ಮಾಡಿದವನೆಂಬ ಅಪವಾದವೂ ಬೆನ್ನಿಗೆ ಬೀಳುವುದು. ಬಿಚ್ಚದಿದ್ದರೆ ಕಟ್ಟಳೆಯು ಉಳಿಯುವುದು, ಒಲೆ ಆರುವುದು. ಸೂರ್ಯನು ಮರಗಳ ತುದಿಯನ್ನು ಬಿಟ್ಟು ಮೇಲೆ ಬಂದಿದ್ದನು. ತನ್ನ ಮನೆತನದ ನಾಲ್ಕು ತಲೆಮಾರು ದೇವಿಗೆ ತಪ್ಪದೆ ಬಡಿಸಿತ್ತು. ಒಂದು ದಿನವಾದರೂ ಅವಳಿಗೆ ಏನು ಇಷ್ಟವೆಂದು ತಿಳಿಯಲು ಯತ್ನಿಸಿತ್ತೇ? ತಾಯಿಯು ಇಂದು ಇಲ್ಲಿದ್ದಿದ್ದರೆ ಪಟ್ಟಿಯನ್ನು ಕಾಪಾಡುತ್ತಿದ್ದಳೇ, ಒಲೆಯನ್ನೇ? ಸಾಯುವ ಹಿಂದಿನ ದಿನವೂ ಸೌದೆಯ ವಿಚಾರ ಕೇಳಿದ್ದ ಆ ಹೆಂಗಸಿನ ಮುಖವು ಕಣ್ಣಮುಂದೆ ಬಂದಾಗ ಉತ್ತರವೂ ಬಂದಿತು. ಆತನು ಕತ್ತಿನ ಹಿಂದೆ ಕೈಯೊಯ್ದು ಗಂಟನ್ನು ಬಿಚ್ಚಿದನು.

ಒಂಬತ್ತು ಮಡಿಕೆಗಳು ಕಳಚಿ ಬಿದ್ದೊಡನೆ ಲೋಕವು ಆತನ ಮೇಲೆ ಬಿದ್ದಿತು. ಇಬ್ಬನಿಯಲ್ಲಿ ನೆನೆದು ಬಿಸಿಲಿಗೆ ಕಾದಿದ್ದ ಸಿಪ್ಪೆಗಳ ರಾಶಿಯಿಂದ ಎದ್ದ ಪರಿಮಳವು, ಮುರಿದ ಕಿತ್ತಳೆಯ ತೊಗಟೆಯಂತೆ, ಕಾದ ಬಂಡೆಯ ಮೇಲಿನ ಮೊದಲ ಹನಿಯಂತೆ, ಹಸಿಶುಂಠಿಯಂತೆ, ಇವೆಲ್ಲವೂ ಆಗಿ ಇವಾವುದೂ ಆಗದಂತೆ, ನಾಸಾಪುಟಗಳನ್ನು ತುಂಬಿ ಕಣ್ಣುಗಳಲ್ಲಿ ನೀರಾಗಿ ಹೊರಬಂದಿತು. “ಇದನ್ನೇ ನಾನು ಎಸೆದದ್ದೇ?” ಎಂದು ಆತನು ಮಗುವಿನಂತೆ ಕೇಳಿದನು.

“ಎಸೆದದ್ದು ಬಂಡೆ ಮೇಲಲ್ವಾ, ಕೆಡಲಿಲ್ಲ ಬಿಡಿ” ಎಂದಳು ದುಗ್ಗವ್ವೆ, ಸಮಾಧಾನದ ದನಿಯಲ್ಲಿ. “ನನ್ನ ಬುಟ್ಟೀಲಿ ಹೊಸದಿದೆ. ಹೊತ್ತಾಗ್ತಾ ಬಂತು, ಏಳಿ!”

ಆ ಬಳಿಕ ನಡೆದ ಅಡುಗೆಯನ್ನು ವರ್ಣಿಸಲು ಶಬ್ದಕ್ಕೆ ಶಕ್ತಿ ಸಾಲದು. ಯಥಾಮತಿ ಹೇಳುವುದಾದರೆ ಹೀಗೆ. ಅಕ್ಕಿಯೂ ಹೆಸರುಬೇಳೆಯೂ ಯಾವುದು ಯಾವುದೆಂದು ಅರಿಯಲಾಗದಷ್ಟು ಬೆಂದವು. ಮುಚ್ಚಿಟ್ಟಿದ್ದ ಕಾಡುಮೆಣಸನ್ನು ಆತನು ತುಪ್ಪದಲ್ಲಿ ಸಿಡಿಸಿದಾಗ ಅದರ ಕಾರವು ಹೊಗೆಯ ರೂಪದಿಂದಲೇ ಗಂಟಲನ್ನು ಹಿಡಿದು ಮಾತನಾಡಿಸಿತು. ಬೆಂಕಿಯನ್ನು ಹೊರಗೆಳೆದು, ಸಿಪ್ಪೆಗಳನ್ನು ಒರಳಿನಲ್ಲಿ ಪುಡಿಯಾಗದಂತೆ ಜಜ್ಜಿ ಹಾಕಿ, ಮುಚ್ಚಳವನ್ನು ಓರೆಮಾಡಿ, ಬಗ್ಗಿ ಕಾದನು. ಹಿತ್ತಿಲ ಬಾಗಿಲು ತೆರೆದೇ ಇತ್ತು. ಗಡಿಗಲ್ಲಿನ ಆಚೆಯಿಂದ ದುಗ್ಗವ್ವೆಯು ಕೊರಳನ್ನು ಉದ್ದಮಾಡಿ ಮೂಗಿನಿಂದಲೇ ಅಡುಗೆಯನ್ನು ಕಾಣುತ್ತಿದ್ದಳು.

“ಈಗಲೋ?” ಎಂದನು ಆತನು.

“ತಡೀರಿ. ಒಗರು ಇನ್ನೂ ಇದೆ.”

“ಈಗ?”

“ಅವಸರ ಮಾಡಿದ್ರೆ ಮತ್ತೆ ಮೂಗು ಕಟ್ಕೊಳಿ!” ಎಂದು ಗದರಿದಳು. ಅಷ್ಟರಲ್ಲಿ ಒಗರು ಕರಗಿ ಹೇರಳೆಯ ಘಮವು ಮೊಗ್ಗೊಡೆದಂತೆ ಏಳಲು, ಇಬ್ಬರ ಬಾಯಿಂದಲೂ “ಈಗ!” ಎಂಬ ಶಬ್ದವು ಏಕಕಾಲದಲ್ಲಿ ಹೊರಬಿದ್ದಿತು. ಚಂದಿಮಯ್ಯನು ಮುಚ್ಚಳವನ್ನು ಮುಚ್ಚಿದನು.

ಬರಿಮೂಗಿನ ಬಾಣಸಿಗನು ಪಾತ್ರೆ ಹೊತ್ತು ಬಂದುದನ್ನು ಕಂಡು ಕೂಚಿಭಟ್ಟನು ಹೌಹಾರಿದನು. “ಗುರುಗಳೇ, ಪಟ್ಟಿಯಿಲ್ಲ! ಮೂಸಿದ್ದಾನೆ! ಇದು ಎಂಜಲು, ದೇವಿಯ ಮುಂದೆ ಇಡಕೂಡದು!”

“ಹೌದು ಸ್ವಾಮೀ, ಮೂಸಿದ್ದೇನೆ” ಎಂದನು ಚಂದಿಮಯ್ಯ. “ಮೂಸದೆ ಇದನ್ನು ಅಡಲಾಗದು. ತಪ್ಪಾಗಿದ್ದರೆ ಒಲೆಗೆ ನಾನೇ ನೀರೆರೆದು ಈ ಬೆಟ್ಟವನ್ನು ಇಳಿಯುತ್ತೇನೆ. ಒಂದು ಸಲ ಮುಚ್ಚಳ ತೆಗೆಯಲು ಬಿಡಿ.”

ಋಜುವ್ರತ ಮುನಿಯು ಆಕಾಶವನ್ನು ನೋಡಿದನು. ಸೂರ್ಯನು ನೆತ್ತಿಗೆ ಬರಲು ಬೆರಳಿನಷ್ಟು ಉಳಿದಿತ್ತು. “ಮೂರು ದಿನವೆಂದು ಹೇಳಿದ್ದೇನೆ. ಮೂರನೆಯ ದಿನ ಇನ್ನೂ ಮುಗಿದಿಲ್ಲ. ತೆಗೆ” ಎಂದನು.

ಮುಚ್ಚಳ ತೆಗೆದೊಡನೆ ಎದ್ದ ಹಬೆಯು ಬಳ್ಳಿಯಂತಿರಲಿಲ್ಲ, ಹಗ್ಗದಂತಿತ್ತು. ಶಿಲೆಯ ಮುಂದೆ ಅದು ಒಂದು ಕ್ಷಣ ಹೆಡೆಯೆತ್ತಿ ನಿಂತು, ಅಲ್ಲಿ ಯಾರನ್ನೂ ಕಾಣದಂತೆ ಹಿಂದಿರುಗಿ, ಪಾಕಶಾಲೆಯ ಮುಂಬಾಗಿಲಿನಿಂದ ಹೊಕ್ಕು, ಒಲೆಯನ್ನು ಒಂದು ಬಾರಿ ಬಳಸಿ, ಹಿಂಬಾಗಿಲಿನಿಂದ ಹೊರಬಿದ್ದು ಹಿತ್ತಿಲಿನ ಕಸದ ರಾಶಿಯ ಮೇಲೆ ಸುರುಳಿಯಾಗಿ ಕುಳಿತಿತು. ಎಲ್ಲರೂ ಅದರ ಬೆನ್ನುಹತ್ತಿ ಓಡಿದರು. ನೋಡನೋಡುತ್ತಿದ್ದಂತೆ ಸಿಪ್ಪೆಗಳ ಕೆಳಗಿನ ಹಾಸುಬಂಡೆಯು ಜುಮ್ಮಿನಕಾಯಿಯಂತೆಯೇ ಬಾಯ್ದೆರೆಯಿತು; ಅದರೊಳಗಿಂದ ಕರಿಯ ಮಣಿಯಂಥ ಶಿಲೆಯೊಂದು ಮೇಲೆದ್ದಿತು; ಅದರ ಬುಡದಿಂದ ತಣ್ಣೀರು ಚಿಮ್ಮಿತು. ಅಶರೀರವಾಣಿಯು ಮೊಳಗಿತು:

“ಋಜುವ್ರತಾ, ಕೇಳು. ನನ್ನ ಕಾನನವು ನನಗೆಂದು ಮುಳ್ಳುಗಳ ನಡುವೆ ಕಾದಿರಿಸಿದ ಸೌರಭವನ್ನು ನೀವು ಕಸವೆಂದು ಚೆಲ್ಲಿದೆಡೆಯಲ್ಲಿ ಮೂರು ದಿನ ಕುಳಿತು ಉಂಡೆನು. ನಾಲ್ಕು ತಲೆಮಾರು ನಿಮ್ಮ ಭಕ್ತಿಗೆ ಮಣಿದು ಬಾಗಿದೆನು. ಇಂದು ನಿಮ್ಮ ಅಡುಗೆಗೆ ಬಾಗಿದೆನು. ಅರಿತು ಮೂಸಿದ ಮೂಗು ಕದಿಯಲಿಲ್ಲ, ನನಗಾಗಿ ಕಾದು ನಿಂತಿತು. ಆ ಪೀಠಕ್ಕೆ ನಾನಿನ್ನು ಮರಳೆನು. ನನ್ನನ್ನು ಕಾಣಬರುವವರು ಒಲೆಯನ್ನು ಹಾದೇ ಬರಲಿ.”

ಋಜುವ್ರತ ಮುನಿಯು ಕಸದ ಮೇಲೆಯೇ ಸಾಷ್ಟಾಂಗವೆರಗಿದನು. ಜಟೆಗೆ ಅಂಟಿಕೊಂಡ ಸಿಪ್ಪೆಗಳನ್ನು ಕೊಡವಿಕೊಳ್ಳದೆ ಎದ್ದನು.

ಅಂದಿನಿಂದ ವನಾಂಬಿಕೆಯು ಶಾಸ್ತ್ರಜ್ಞರಿಗೆ ಸೌರಭಾಂಬಿಕೆಯಾದಳು, ಜನರಿಗೆ ಕಂಪಿನಮ್ಮನಾದಳು. ಹೆಸರಿಲ್ಲದ ಬೆಟ್ಟವು ಕಂಪಿನಬೆಟ್ಟವಾಯಿತು. ಭಕ್ತಮಹಾಶಯರು ಈಗಲೂ ಇಲ್ಲಿ ಕಾಣಬಹುದಾದದ್ದು ಇದು: ಬೇರೆಡೆಗಳಲ್ಲಿ ಗರ್ಭಗುಡಿಯ ಪಕ್ಕಕ್ಕೋ ಹಿಂದಕ್ಕೋ ಇರುವ ಪಾಕಶಾಲೆಯು ಇಲ್ಲಿ ಮುಂದಿದೆ, ಗರ್ಭಗುಡಿಯು ಅದರ ಹಿತ್ತಿಲಿನಲ್ಲಿದೆ; ಹೊಗೆಯಿಂದ ಕಪ್ಪಾದ ಸೂರಿನ ಕೆಳಗೆ, ಆರದ ಒಲೆಯ ಬಿಸಿಯನ್ನು ಮೊಣಕಾಲಿಗೆ ತಾಗಿಸಿಕೊಂಡೇ ದರ್ಶನಕ್ಕೆ ಹೋಗಬೇಕು. ಮುಂಭಾಗದ ಹಳೆಯ ಪೀಠವು ಬರಿದಾಗಿಯೇ ಇದೆ. ಸೀಳಿದ ಬಂಡೆಯಿಂದ ಒಸರುವ ನೀರನ್ನು ಬೊಗಸೆಯಲ್ಲಿ ಕುಡಿದರೆ ನಾಲಗೆಯ ತುದಿ ಜುಮ್ಮೆನ್ನುತ್ತದೆ. ಬಂಡೆಯ ಪಕ್ಕದ ಮುಳ್ಳಿನ ಮರವು ದುಗ್ಗವ್ವೆಯ ಬುಟ್ಟಿಯಿಂದ ಉದುರಿದ ಕಾಳಿನಿಂದ ಹುಟ್ಟಿದ್ದೆನ್ನುತ್ತಾರೆ. ನಿಸ್ಸಾರವೆಂದ ಬೀಜಕ್ಕೂ ಒಂದು ಕೆಲಸವಿತ್ತು. ಮರ ಬೆಳೆದ ಮೇಲೆ ಚಂದಿಮಯ್ಯನ ಪಟ್ಟಿಯನ್ನು ಅದರ ಮುಳ್ಳಿಗೆ ಸಿಕ್ಕಿಸಿದರಂತೆ. ಶರದೃತುವಿನಲ್ಲಿ ಕಾಯಿಗಳು ಬಾಯ್ದೆರೆದ ಮೊದಲ ದಿನ, ಹೊಸದಾಗಿ ಒಲೆ ಹಿಡಿಯುವ ಬಾಣಸಿಗರು ಇಂದಿಗೂ ಏಳು ಮಡಿಕೆಯ ಬಟ್ಟೆಯೊಂದನ್ನು ಮೂಗಿನಿಂದ ಬಿಚ್ಚಿ ಅದೇ ಮರಕ್ಕೆ ಸಿಕ್ಕಿಸುತ್ತಾರೆ. ಆ ವರ್ಷದ ಹಿರಿಯ ಬಾಣಸಿಗನು ನೆರೆದವರೆಲ್ಲರ ಮುಂದೆ ನಿಂತು, ಚಂದಿಮಯ್ಯನು ಅಂದು ಕೊನೆಯದಾಗಿ ಆಡಿದ ಮಾತನ್ನು ಅಕ್ಷರ ತಪ್ಪದೆ ಆಡುತ್ತಾನೆ. ಆ ಮಾತು ಹುಟ್ಟಿದ್ದು ಹೀಗೆ.

ಅಶರೀರವಾಣಿಯು ನಿಂತ ಮೇಲೆ, ಮೂರು ದಿನದ ಹಸಿವೆಯನ್ನೂ ಮರೆತು ಎಲ್ಲರೂ ಹೊಸ ಶಿಲೆಯ ಸುತ್ತ ನಿಂತಿದ್ದರು. ದುಗ್ಗವ್ವೆಯೊಬ್ಬಳು ಗಡಿಗಲ್ಲಿನ ಆಚೆಯೇ ಉಳಿದು, ಬರಿದಾದ ಬುಟ್ಟಿಯನ್ನು ಕಂಕುಳಿಗೇರಿಸಿ ಹೊರಡಲನುವಾಗಿದ್ದಳು. ಕೂಚಿಭಟ್ಟನು ಗಂಟಲು ಸರಿಪಡಿಸಿಕೊಂಡು, “ಗುರುಗಳೇ, ಮೂಗಿನ ವಿಷಯ ದೇವಿಯೇ ಹೇಳಿದಳು, ಆಯಿತು. ಗಡಿಯ ವಿಷಯ ಹೇಳಲಿಲ್ಲ. ಕಾಡಿನವರು ಕಾಯಿಯನ್ನು ಗಡಿಗಲ್ಲಿನ ಮೇಲೆ ಇಟ್ಟುಹೋದರೆ ಸಾಕಲ್ಲವೇ?” ಎಂದು ಕೇಳಿದನು.

ಮುನಿಯು, “ಒಲೆಯ ಧರ್ಮ ನನ್ನದಲ್ಲ, ಕೂಚೀ. ಈಗ ದೇವಿಗೂ ಒಲೆಯೇ ಬಾಗಿಲು. ಅದನ್ನು ಕಾಯುವವನನ್ನೇ ಕೇಳು” ಎಂದು ಚಂದಿಮಯ್ಯನ ಕಡೆಗೆ ತಿರುಗಿದನು.

ಅರುವತ್ತು ಜೋಡಿ ಕಣ್ಣುಗಳು ಆತನ ಮೇಲೆ ನೆಟ್ಟವು. ಚಂದಿಮಯ್ಯನು ಗಡಿಗಲ್ಲಿನವರೆಗೆ ನಡೆದುಹೋಗಿ, ದುಗ್ಗವ್ವೆಯ ಕಂಕುಳಿನಿಂದ ಬುಟ್ಟಿಯನ್ನು ತೆಗೆದುಕೊಂಡು, ಅಲ್ಲಿಂದಲೇ ಎಲ್ಲರಿಗೂ ಕೇಳಿಸುವಂತೆ ಹೇಳಿದನು:

“ಈ ಒಲೆಯ ಮುಂದೆ ಇನ್ನು ಯಾರೂ ಮೂಗು ಕಟ್ಟುವುದಿಲ್ಲ. ನಾಳೆಯಿಂದ ದುಗ್ಗವ್ವೆ ಒಳಗೆ ಬಂದು ನನ್ನ ಪಕ್ಕದಲ್ಲಿ ನಿಲ್ಲುತ್ತಾಳೆ. ಅವಳು ಮೂಸಿ ‘ಈಗ’ ಎಂದ ಮೇಲೆಯೇ ನಾನು ಮುಚ್ಚಳ ಮುಚ್ಚುತ್ತೇನೆ.”